ಮೊದಲ ತುತ್ತು ಮೀನು

ನಮ್ಮತ್ತೆಯವರನ್ನು ಒಂದು ಸರಕೆಂದು ಭಾವಿಸಿ ಗುಣ ಬರೆದುಕೊಳ್ಳುವ ಪ್ರಸಂಗ ಬಂದರೆ, ನಾನು ಹೀಗೆ ಬರೆಯುತ್ತೇನೆ: ಗಿಡ್ಡ ಅಳತೆ, ಗಟ್ಟಿ ನೇಯ್ಗೆ. ಬಣ್ಣ ಬಿಡುವುದಿಲ್ಲ, ಒಗೆದರೆ ಕುಗ್ಗುವುದಿಲ್ಲ, ಎಳೆದರೆ ಹಿಗ್ಗುವುದಿಲ್ಲ. ರಿಯಾಯಿತಿ ಇಲ್ಲ. ಒಮ್ಮೆ ಮನೆಗೆ ಬಂದ ಮೇಲೆ ವಾಪಸು ಕಳಿಸುವ ಸೌಲಭ್ಯವಂತೂ ಇಲ್ಲವೇ ಇಲ್ಲ!

ನಾನು ಗುಂಡಿ ವ್ಯಾಪಾರಿ. ರಸ್ತೆಯಲ್ಲಿರುವ ಗುಂಡಿಯಲ್ಲ, ಅಂಗಿಯಲ್ಲಿರುವುದು. ಜೊತೆಗೆ ದಾರ, ಜಿಪ್ಪು, ಕೊಕ್ಕೆ. ಕೆಳಗೆ ಅಂಗಡಿ, ಮೇಲೆ ಮನೆ. ಸರಕು ನೋಡಿ ಬೆಲೆ ಹೇಳುವುದು ನನ್ನ ಕಸುಬು. ಮನುಷ್ಯರನ್ನು ನೋಡಿಯೂ ಹೇಳುತ್ತೇನೆ, ಆದರೆ ಮನಸ್ಸಿನಲ್ಲಿ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲೇ ನಮ್ಮತ್ತೆ ಎದುರಾದದ್ದು.

ಅವರ ಮಗಳನ್ನು ಮದುವೆಯಾಗುವ ಮಾತೆತ್ತಲು ಅವರ ಮನೆಗೆ ಹೋಗಿದ್ದೆ. ಅತ್ತೆ ಮೊದಲು ನನ್ನ ಕಣ್ಣು ನೋಡಿದರು. ಆಮೇಲೆ ಹೊಟ್ಟೆ ನೋಡಿದರು. ಆಮೇಲೆ ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು ಮೂಗನ್ನು ಸಣ್ಣಗೆ ಅರಳಿಸಿದರು. ಇನ್ನೇನು ಕಿವಿ ಎತ್ತಿ ಹಿಂದೆ ಕೆಂಪಗಿದೆಯೋ ಇಲ್ಲವೋ ನೋಡುತ್ತಾರೇನೋ ಎಂದು ನಾನು ಕುರ್ಚಿಯಲ್ಲೇ ಹಿಂದಕ್ಕೆ ಸರಿದೆ. ಅದು ಅವರು ಮೀನು ಕೊಳ್ಳುವ ರೀತಿ ಎಂದು ತಿಳಿದದ್ದು ಮದುವೆಯಾದ ಮೇಲೆ, ಮಾರುಕಟ್ಟೆಗೆ ಚೀಲ ಹಿಡಿದು ಅವರ ಹಿಂದೆ ನಡೆದಾಗ. ಅಂದು ಒಳಗೆ ಹೋಗಿ ಮಗಳಿಗೆ ಹೇಳಿದ ತೀರ್ಪು ಮಾತ್ರ ನನಗೆ ಹೊರಗಿನ ಕೋಣೆಗೇ ಕೇಳಿಸಿತ್ತು.

"ಅಷ್ಟೇನೂ ತಾಜಾ ಅಲ್ಲ. ಮುಳ್ಳು ಜಾಸ್ತಿ. ಆದ್ರೆ ರುಚಿ ಇರೋ ಜಾತಿ ಕಣೇ. ತಾಳ್ಮೆಯಿಂದ ಬಿಡಿಸ್ಕೊಂಡು ತಿನ್ಬೇಕು, ಅಷ್ಟೆ."

ಇಷ್ಟು ಕರಾರುವಾಕ್ಕಾಗಿ ನನಗೆ ಯಾರೂ ಬೆಲೆ ಕಟ್ಟಿರಲಿಲ್ಲ!

ನಮಗೆ ಮಗಳು ಹುಟ್ಟುವ ಮೊದಲೇ ಅತ್ತೆ ಒಂದು ಹಕ್ಕನ್ನು ತಮ್ಮ ಹೆಸರಿಗೆ ಕಾದಿರಿಸಿಕೊಂಡರು. ಮಗುವಿನ ಬಾಯಿಗೆ ಬೀಳುವ ಮೊದಲ ತುತ್ತು ಮೀನು ಅವರ ಕೈಯಿಂದಲೇ ಬೀಳಬೇಕು. ಅವರ ಮಕ್ಕಳೆಲ್ಲ ಹಾಗೇ ಬೆಳೆದವರು. ಹಬೆಯಲ್ಲಿ ಬೇಯಿಸಿ, ಉಪ್ಪು ಖಾರ ತಾಗಿಸದೆ, ಬೆರಳುಗಳ ನಡುವೆ ಉಜ್ಜಿ ಉಜ್ಜಿ, ಒಂದು ಎಳೆ ಮುಳ್ಳೂ ಇಲ್ಲದಂತೆ ಮಾಡಿ, ಪುಟ್ಟ ಚಮಚದ ತುದಿಯಲ್ಲಿ ಇಡುವುದು.

"ಅಳಿಯಂದ್ರು ಹತ್ರ ಬರಕೂಡ್ದು" ಎಂದರು. "ಗುಂಡಿ ಮುಟ್ಟಿದ ಕೈ."

"ಗುಂಡಿ ಮುಟ್ಟಿದ ಕೈಗೇನಾಗಿದೆ ಅತ್ತೆ? ಕೂದಲೆಳೆಯಷ್ಟು ಬಿರುಕಿದ್ರೂ ಹಿಡೀತೀನಿ!"

"ಬಿರುಕು ಹಿಡಿಯೋ ಕೈಗೆ ಬಿರುಕೇ ಸಿಗೋದು" ಎಂದರು ಅತ್ತೆ.

ಆಗ ಅದನ್ನು ನಾನು ಹೊಗಳಿಕೆಯೆಂದೇ ಸ್ವೀಕರಿಸಿದ್ದೆ.

ಮಗಳು ಇನ್ನೂ ಮಗ್ಗುಲು ಹೊರಳಲು ಕಲಿಯುತ್ತಿದ್ದಾಗ ಒಂದು ಬೆಳಿಗ್ಗೆ ಅತ್ತೆ ಒದ್ದೆ ಚೀಲ ಹಿಡಿದು ಅಂಗಡಿಯೊಳಗಿಂದಲೇ ಮೆಟ್ಟಿಲ ಕಡೆಗೆ ನಡೆದರು. ನಡೆಯುತ್ತಲೇ ಕೈ ಚಾಚಿದರು.

"ಒಂದು ಉಂಡೆ ದಾರ ಕೊಡಿ ಅಳಿಯಂದ್ರೇ. ಗಟ್ಟಿದು. ಬಿಳೀದು."

"ಏನು ಹೊಲೀತೀರಿ?"

"ಮೀನಿಗೆ ಅಂಗಿ."

ನಾನು ನಕ್ಕೆ. ಗಿರಾಕಿಗಳೂ ನಕ್ಕರು. ಅತ್ತೆ ನಗಲಿಲ್ಲ, ಮೇಲೆ ಹೋದರು. ಮಧ್ಯಾಹ್ನ ಇಳಿದು ಬಂದು, "ಬರ್ತೀನಿ" ಎಂದು ಹೋದರು. ಮಾರನೆಯ ದಿನ ಅವರಿರಲಿಲ್ಲ. ಹೃದಯ, ಎಂದರು ವೈದ್ಯರು. ವಾಪಸು ಕಳಿಸುವ ಸೌಲಭ್ಯವಿಲ್ಲ ಎಂದು ಮೇಲೆ ಬರೆದೆನಲ್ಲ, ನಾವು ಕಳಿಸಲಿಲ್ಲ. ಯಾರೋ ನಮ್ಮನ್ನು ಕೇಳದೆ ಎತ್ತಿಕೊಂಡು ಹೋದರು.

ಆಮೇಲೆ ನಮ್ಮ ಮನೆಯಲ್ಲಿ ಮಾತಿನ ಅಂಗಡಿ ಬಾಗಿಲು ಹಾಕಿತು. ನನ್ನ ಹೆಂಡತಿ ಸಾಮಾನ್ಯಳಲ್ಲ. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ಅವಳು ಮಾಡುತ್ತಿದ್ದ ಭಾಷಣ ಕೇಳಲು ಎದುರು ಮನೆಯವರು ಕಿಟಕಿ ತೆರೆಯುತ್ತಿದ್ದರು! ಈಗ ಆ ಹೆಂಗಸು ಟವೆಲ್ಲು ಎತ್ತಿ ತಂತಿಯ ಮೇಲೆ ಹರವಿ ಸುಮ್ಮನೆ ಒಳಗೆ ಹೋಗುತ್ತಿದ್ದಳು. ನಾನು ಬೇಕೆಂದೇ ಎಸೆದು ನೋಡಿದೆ. ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋಗಿ ನೋಡಿದೆ. ಕಾಫಿ ಚೆನ್ನಾಗಿಲ್ಲ ಎಂದೂ ಅಂದು ನೋಡಿದೆ. ಪ್ರಾಣದ ಆಸೆಯಿರುವ ಯಾವ ಗಂಡಸೂ ಅನ್ನದ ಮಾತು! "ಹೌದಾ" ಎಂದಳು. ಅಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಒಂದೇ ಒಂದು ವಿಷಯಕ್ಕೆ ಅವಳ ದನಿ ಏರುತ್ತಿತ್ತು. ಕರೆಂಟು ಹೋದರೆ ಎಲ್ಲಿದ್ದರೂ ಓಡಿಬಂದು, "ಫ್ರಿಜ್ಜು ತೆಗೀಬೇಡಿ! ಯಾರೂ ತೆಗೀಬೇಡಿ!" ಎನ್ನುತ್ತಿದ್ದಳು. ಮನೆಯಲ್ಲಿ ತೆಗೆಯಬಲ್ಲವನು ನಾನೊಬ್ಬನೇ. ಕರೆಂಟು ಬರುವವರೆಗೂ ಅದರ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿರುತ್ತಿದ್ದಳು. ಸೆಕೆಗೆ ಕೂತಿದ್ದಾಳೆ ಎಂದುಕೊಂಡೆ. ಇಂಥ ಚುರುಕು ಬುದ್ಧಿಯಿಂದಲೇ ನಾನು ವ್ಯಾಪಾರದಲ್ಲಿ ಮುಂದೆ ಬಂದದ್ದು!

ಇತ್ತ ಮಗಳು ಎದ್ದು ಕೂರಲು ಕಲಿತಳು, ಆದರೆ ತೂಕ ಹತ್ತಲಿಲ್ಲ. ಹಿಸುಕಿದ ಆಲೂಗಡ್ಡೆ ಕೊಟ್ಟರೆ ಉಗಿಯುತ್ತಿದ್ದಳು, ಬಾಳೆಹಣ್ಣು ಕೊಟ್ಟರೆ ಗೋಡೆಗೆ ಬಳಿಯುತ್ತಿದ್ದಳು. ಆಸ್ಪತ್ರೆಯ ನರ್ಸಮ್ಮ ತಕ್ಕಡಿಯ ಮುಳ್ಳು ನೋಡಿ, ನಮ್ಮ ಮುಖ ನೋಡಿ, ನಿಟ್ಟುಸಿರು ಬಿಟ್ಟರು.

"ಹೋದ ಸಲ ಇದ್ದಷ್ಟೇ ಇದ್ದಾಳೆ. ಬೇಳೆ, ಮೊಟ್ಟೆ, ಮೀನು ಏನಾದ್ರೂ ಶುರು ಮಾಡಿದ್ರಾ?"

ನನ್ನ ಹೆಂಡತಿ ನೆಲ ನೋಡಿದಳು. "ಮೀನು... ಮುಳ್ಳು..."

"ಮುಳ್ಳು ತೆಗೆದು ಕೊಡಮ್ಮ. ಚೆನ್ನಾಗಿ ಬೇಯಿಸಿ, ಉಪ್ಪು ಹಾಕ್ದೆ, ಮೆತ್ತಗೆ ಹಿಸುಕಿ. ಮೊದಲ ದಿನ ಚಮಚದ ತುದಿಯಷ್ಟು. ಮೈಮೇಲೆ ದದ್ದುಗಿದ್ದು ಏಳುತ್ತಾ ನೋಡ್ಕೊಳ್ಳಿ. ಹೀಗೇ ಬಿಟ್ರೆ ಆಗಲ್ಲ."

ದಾರಿಯಲ್ಲಿ ನಾನು ಕೇಳಿದೆ. "ನಾಳೆ ಮೀನು ತರ್ಲಾ?"

"ನೋಡೋಣ."

"ಮುಳ್ಳಿನ ಭಯಾನಾ?"

"ಹೂಂ."

ಮಗಳ ಕೈ ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿತ್ತು. ಆ ಹಿಡಿತದಲ್ಲಿ ಮೊದಲಿನ ಬಿಗಿ ಇರಲಿಲ್ಲ. ಗುಂಡಿ ಹಿಡಿದು ಹಿಡಿದು ನುರಿತ ಬೆರಳಿಗೆ ಅದು ಸುಳ್ಳು ಹೇಳುವುದಿಲ್ಲ. ಆಗಲೇ ನಾನು ಶಪಥ ಮಾಡಿದೆ. ಮೂಟೆಗಟ್ಟಲೆ ಗುಂಡಿಯಲ್ಲಿ ಒಂದರ ತೂತು ಕೂದಲೆಳೆಯಷ್ಟು ಓರೆಯಾಗಿದ್ದರೂ ಹೆಕ್ಕಿ ತೆಗೆಯುವ ಈ ಕಣ್ಣು, ಈ ಕೈ! ಯಕಶ್ಚಿತ್ ಒಂದು ಮೀನಿನ ಮುಳ್ಳಿಗೆ ಸೋಲುವುದೇ? ನನ್ನ ಮಗಳಿಗೆ ನಾನೇ ಮೀನು ತಿನ್ನಿಸುತ್ತೇನೆ! ಹೆಂಡತಿಯ ಭಯವನ್ನೂ, ಮಗಳ ತೂಕವನ್ನೂ ಒಂದೇ ಏಟಿಗೆ ಸರಿಪಡಿಸುತ್ತೇನೆ!

ಅಂಗಡಿಗೆ ರಜೆಯಿದ್ದ ದಿನ ಹೆಂಡತಿ ತವರಿಗೆ ಹೊರಟಳು. ಅಮ್ಮನ ಕಪಾಟು ಖಾಲಿ ಮಾಡಬೇಕೆಂದು ಅಣ್ಣ ಬಹಳ ದಿನದಿಂದ ಹೇಳಿ ಕಳಿಸುತ್ತಿದ್ದ. ಅವಳು ಹೋಗದೆ ದಿನ ತಳ್ಳುತ್ತಿದ್ದಳು. ಅಂದು ಯಾಕೋ ತಾನಾಗಿಯೇ ಎದ್ದು ಹೊರಟಳು.

"ಆಲೂಗಡ್ಡೆ ಬೇಯಿಸಿಟ್ಟಿದೀನಿ. ಹಿಸುಕಿ ಕೊಡಿ. ಸಂಜೆಯೊಳಗೆ ಬಂದ್ಬಿಡ್ತೀನಿ."

"ನೀನು ನೆಮ್ಮದಿಯಾಗಿ ಹೋಗ್ಬಾ. ನಾನಿಲ್ವಾ?"

ಅವಳು ಬಾಗಿಲಲ್ಲಿ ತಿರುಗಿ ನನ್ನನ್ನು ಒಂದು ಕ್ಷಣ ನೋಡಿದಳು. ಮೊದಲಾಗಿದ್ದರೆ, "ಅದೇ ಚಿಂತೆ" ಎನ್ನುತ್ತಿದ್ದಳು. ಅಂದು ಮೆಟ್ಟಿಲಿಳಿದು ಹೋದಳು.

ಮೀನು ತರಲು ಮಗುವನ್ನೆತ್ತಿಕೊಂಡು ಮಾರುಕಟ್ಟೆಗೆ ಹೋಗಬೇಕೆಂದಿದ್ದೆ. ಅದಕ್ಕೆ ಮೊದಲು ಮನೆಯ ದಾಸ್ತಾನು ನೋಡುವುದು ವ್ಯಾಪಾರಿಯ ಧರ್ಮ. ಫ್ರೀಜರ್ ತೆರೆದೆ. ಮುಂದೆ ಬಟಾಣಿ, ಅದರ ಹಿಂದೆ ಮಂಜುಗಡ್ಡೆಯ ತಟ್ಟೆ, ಅದರ ಹಿಂದೆ, ತೀರಾ ಮೂಲೆಯಲ್ಲಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪೊಟ್ಟಣ! ಬಿಡಿಸಿದೆ. ಮೀನು! ತಲೆ ಇಲ್ಲ, ಬಾಲ ಇಲ್ಲ, ಅಂಗೈಗಿಂತ ಸ್ವಲ್ಪ ಉದ್ದ, ಉದ್ದಕ್ಕೂ ದಾರ ಸುತ್ತಿ ಬಿಗಿಯಾಗಿ ಕಟ್ಟಿದ್ದು. ದಾರ ನೋಡಿ ಹೆಮ್ಮೆಯಾಯಿತು. ನಮ್ಮ ಅಂಗಡಿಯದೇ ಮಾಲು! ಮೀನು ಮಾರುವವರು ಕೂಡ ನಮ್ಮ ದಾರವನ್ನೇ ಬಳಸುತ್ತಾರಲ್ಲ ಎಂದುಕೊಂಡೆ.

ನಮ್ಮ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹಿಂದಿರುವುದು ಮೊದಲು ಹೊರಗೆ ಬರಬೇಕು. ಹಳೆಯ ಡಬ್ಬಿ ಖಾಲಿಯಾಗದೆ ಹೊಸ ಡಬ್ಬಿ ತೆರೆಯುವಂತಿಲ್ಲ. ಮೂಲೆ ಸೇರಿದ ಸರಕು ನಷ್ಟದ ಸರಕು. ಈ ನಿಯಮ ಮೀರಿದ ಕೆಲಸದವರನ್ನು ನಾನು ಎಂದೂ ಸುಮ್ಮನೆ ಬಿಟ್ಟಿಲ್ಲ. ಮನೆಯಲ್ಲೇ ಹಳೆಯ ದಾಸ್ತಾನಿರುವಾಗ ಮಾರುಕಟ್ಟೆಗೆ ಹೋಗುವ ಮೂರ್ಖ ಯಾರು? ಇದನ್ನು ಯಾರಿಟ್ಟರು, ಯಾಕಿಟ್ಟರು ಎಂದು ಕೇಳಿಕೊಳ್ಳಲೇ ಇಲ್ಲ. ವ್ಯಾಪಾರಿ ಸರಕು ನೋಡುತ್ತಾನೆ, ಇಟ್ಟ ಕೈ ನೋಡುವುದಿಲ್ಲ.

ಮೂಸಿದೆ, ಕೆಟ್ಟಿರಲಿಲ್ಲ. ದಾರ ಕತ್ತರಿಸಿ ಮೇಜಿನ ಮೇಲಿಟ್ಟು, ಮೀನನ್ನು ಹಬೆಗಿಟ್ಟೆ. ಕೆಳಗಿಳಿದು ಅಂಗಡಿಯಿಂದ ನನ್ನ ಆಯುಧಗಳನ್ನು ತಂದೆ: ಭೂತಗನ್ನಡಿ ಜೋಡಿಸಿದ ದೀಪ, ಚಿಮಟ, ಸಣ್ಣ ಗುಂಡಿ ಸೋಸುವ ಜರಡಿ. ಚಿಮಟವನ್ನೂ ಜರಡಿಯನ್ನೂ ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆ. ಅಷ್ಟು ವಿವೇಕ ಇತ್ತು! ಮಗಳು ತನ್ನ ಎತ್ತರದ ಕುರ್ಚಿಯಲ್ಲಿ ಕೂತು, ತೆರಿಗೆ ಅಧಿಕಾರಿ ಗೋದಾಮು ನೋಡುವಂತೆ ನನ್ನನ್ನು ನೋಡುತ್ತಿದ್ದಳು.

ಮೀನು ಬೆಂದಿತು. ತಟ್ಟೆಗೆ ಹಾಕಿದೆ. ತಾನೇ ಎರಡು ಹೋಳಾಗಿ ಬಿಚ್ಚಿಕೊಂಡಿತು. ನಡುಮುಳ್ಳು ಇರಲಿಲ್ಲ. ಅದೇನು ಮಹಾ, ಕಣ್ಣಿಗೆ ಕಾಣುವ ಮುಳ್ಳನ್ನು ಯಾರು ಬೇಕಾದರೂ ತೆಗೆಯುತ್ತಾರೆ! ನನ್ನ ಯುದ್ಧ ಕಣ್ಣಿಗೆ ಕಾಣದ ಮುಳ್ಳುಗಳ ಮೇಲೆ. ದೀಪ ಹಚ್ಚಿ ಬಗ್ಗುವಷ್ಟರಲ್ಲಿ ಕೆಳಗಿನಿಂದ ಕೂಗು ಬಂತು.

"ಯಜಮಾನ್ರೇ! ಕರಿ ಗುಂಡಿ ಬೇಕಿತ್ತು! ಮದುಮಗನ ಕೋಟು, ನಾಳೇನೇ ಕೊಡ್ಬೇಕು!"

ಎದುರು ಸಾಲಿನ ದರ್ಜಿ. ನನ್ನ ಹಳೆಯ ಗಿರಾಕಿ, ಬ್ರಹ್ಮಚಾರಿ, ಎಲ್ಲ ವಿಷಯದಲ್ಲೂ ಪಂಡಿತ.

"ಮೇಲೆ ಬನ್ನಿ ಮಾಸ್ಟ್ರೇ, ಕೈ ಬಿಡುವಿಲ್ಲ."

ಮಾಸ್ಟ್ರು ಮೆಟ್ಟಿಲು ಹತ್ತುತ್ತಲೇ ಮೂಗಿನಿಂದ ವಿಷಯ ತಿಳಿದುಕೊಂಡರು. "ಮೀನಾ? ಮಗೂಗಾ? ಹುಷಾರು ಯಜಮಾನ್ರೇ. ಮಕ್ಕಳ ಗಂಟಲು ಎಷ್ಟಿರುತ್ತೆ ಗೊತ್ತಾ? ಗುಂಡಿ ತೂರೋ ಕಾಜಾದಷ್ಟು."

"ನಿಮಗೆ ಮಕ್ಕಳ ವಿಷಯ ಹೇಗೆ ಗೊತ್ತು?"

"ಮಕ್ಕಳ ಕತ್ತಿನ ಪಟ್ಟಿ ಹೊಲಿದು ಹೊಲಿದು ಕಣ್ಣು ಹೋಗಿದೆ. ಹೊರಗಿನ ಅಳತೆ ಗೊತ್ತಿದ್ರೆ ಒಳಗಿಂದು ಲೆಕ್ಕ ಹಾಕಕ್ಕಾಗಲ್ವಾ?"

ಇಂಥ ವಿದ್ವಾಂಸರು ತಾವಾಗಿ ಬಂದಾಗ ಕಳಿಸುವುದುಂಟೇ? ಕೈ ತೊಳೆದು ಕೂರಿ ಎಂದೆ. ಪರೀಕ್ಷೆ ಆರಂಭವಾಯಿತು.

ಸರಕು ಪರೀಕ್ಷೆಗೆ ನಮ್ಮಲ್ಲಿ ಒಂದು ಕ್ರಮವಿದೆ. ಗುಂಡಿಯ ಮೂಟೆ ಬಂದರೆ ಮೇಲಿನಿಂದೊಂದು ಹಿಡಿ, ನಡುವಿನಿಂದೊಂದು ಹಿಡಿ, ತಳದಿಂದೊಂದು ಹಿಡಿ ಮಾದರಿ ತೆಗೆದು ನೋಡುವುದು. ಮೀನಿನಲ್ಲೂ ಹಾಗೇ ಮಾಡಿದೆ. ಚಿಮಟದಿಂದ ಮೇಲಿನ ಪದರದ ಒಂದು ಚೂರು ಎತ್ತಿ ದೀಪದಡಿ ಹಿಡಿದೆ, ಬೆರಳಲ್ಲಿ ಉಜ್ಜಿದೆ. ಮುಳ್ಳಿಲ್ಲ. ಆದರೆ ಕಣ್ಣು ಬೆರಳು ಎರಡೂ ಮೋಸ ಹೋಗಬಹುದು, ನಾಲಿಗೆ ಹೋಗುವುದಿಲ್ಲ ಎಂದರು ಮಾಸ್ಟ್ರು. ಬಾಯಿಗೆ ಹಾಕಿಕೊಂಡೆ. ಮುಳ್ಳಿಲ್ಲ. ನಡುವಿನ ಚೂರು ಮಾಸ್ಟ್ರ ಬಾಯಿಗೆ ಹೋಯಿತು. ಮುಳ್ಳಿಲ್ಲ. ತಳದ್ದು ನನಗೆ. ಮುಳ್ಳಿಲ್ಲ!

ಸಾಮಾನ್ಯ ಮನುಷ್ಯ ಇಲ್ಲಿಗೆ ಸಂತೋಷಪಟ್ಟು ಮಗುವಿಗೆ ತಿನ್ನಿಸುತ್ತಿದ್ದ. ನಾನು ಸಾಮಾನ್ಯ ಮನುಷ್ಯನಲ್ಲ, ವ್ಯಾಪಾರಿ! ದೋಷವೇ ಇಲ್ಲದ ಸರಕು ಬಂದಾಗಲೇ ನಮಗೆ ನಿದ್ದೆ ಬಾರದು. ಒಂದು ಮೂಟೆಯಲ್ಲಿ ಒಂದೂ ಒಡೆದ ಗುಂಡಿ ಇಲ್ಲವೆಂದರೆ ಏನರ್ಥ? ಒಡೆದವನ್ನೆಲ್ಲ ಎಲ್ಲೋ ಒಂದೇ ಕಡೆ ಅಡಗಿಸಿದ್ದಾರೆ ಎಂದರ್ಥ!

"ಮಾಸ್ಟ್ರೇ, ಮುಳ್ಳಿಲ್ಲದ ಮೀನು ಎಲ್ಲಾದ್ರೂ ಉಂಟಾ?"

"ನಾನಂತೂ ಕಂಡಿಲ್ಲ."

"ಹಾಗಾದ್ರೆ ಎಲ್ಲಿ ಹೋಯ್ತು?"

"ಪಕ್ಕೆ ಕಡೆ ಸೇರ್ಕೊಂಡಿರುತ್ತೆ. ಪಕ್ಕೆ ನೋಡಿ."

ಪಕ್ಕೆ ನೋಡಿದೆವು. ಬೆನ್ನಿನ ಕಡೆ ನೋಡಿದೆವು. ಹೊಟ್ಟೆಯ ಕಡೆ ಮಾಸ್ಟ್ರೇ ವಿಶೇಷ ಆಸಕ್ತಿ ವಹಿಸಿ ನೋಡಿದರು. ಸಿಗದ ಪ್ರತಿಯೊಂದು ಮುಳ್ಳೂ ನಮ್ಮ ಅನುಮಾನವನ್ನು ಹೆಚ್ಚಿಸಿತು. ಮಗಳು ಚಮಚದಿಂದ ಕುರ್ಚಿಯ ಹಲಗೆಯನ್ನು ಬಡಿಯತೊಡಗಿದಳು. ನಾವು ಚೂರು ಎತ್ತಿದಾಗಲೆಲ್ಲ ಅವಳ ಬಾಯಿ ತೆರೆಯುತ್ತಿತ್ತು, ನಾವು ನುಂಗಿದಾಗಲೆಲ್ಲ ಮುಚ್ಚುತ್ತಿತ್ತು.

"ತಾಳು ಪುಟ್ಟಿ, ನಿನಗೋಸ್ಕರಾನೇ" ಎಂದೆ, ತುಂಬಿದ ಬಾಯಲ್ಲಿ.

ಉಳಿದದ್ದನ್ನು ಜರಡಿಗೆ ಹಾಕಿ ಚಮಚದಿಂದ ಒತ್ತಿ ಸೋಸಿದೆ. ಆಗ ಮಾಸ್ಟ್ರು ಕಿರುಚಿದರು.

"ಸಿಕ್ತು! ಯಜಮಾನ್ರೇ, ಸಿಕ್ತು!"

ಬಿಳಿಯದು, ಗಟ್ಟಿ, ಜರಡಿಯ ಅಂಚಿಗೆ ಅಂಟಿಕೊಂಡು ಕೂತಿತ್ತು! ಮಗುವಿನ ಗಂಟಲಿಗೆ ಹೋಗಿದ್ದರೆ? ನನ್ನ ಅನುಮಾನವೇ ನಿಜ! ನನ್ನ ಅನುಭವ! ನನ್ನ ಕಣ್ಣು! ಮಾಸ್ಟ್ರು ಅದನ್ನು ಚಿಮಟದಲ್ಲಿ ಎತ್ತಿ ಭೂತಗನ್ನಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಜಮಾನ್ರೇ."

"ಹೇಳಿ."

"ಈ ಮುಳ್ಳಿಗೆ ಎರಡು ತೂತಿದೆ."

ನಮ್ಮದೇ ಮಾಲು. ಮಕ್ಕಳ ಅಂಗಿಗೆ ಹಾಕುವ ಸಣ್ಣ ಗುಂಡಿ. ಜರಡಿಯ ಅಂಚಿನ ಸಂದಿಯಲ್ಲಿ ಯಾವ ಕಾಲದಲ್ಲಿ ಸಿಕ್ಕಿಕೊಂಡಿತ್ತೋ, ಕುದಿವ ನೀರಿಗೂ ಜಗ್ಗದೆ ಕೂತಿತ್ತು. ಗಂಟಲಿಗೆ ಮುಳ್ಳಿಗಿಂತ ಅಪಾಯದ ವಸ್ತುವನ್ನು, ಮುಳ್ಳು ಹುಡುಕುವ ಭರದಲ್ಲಿ, ಕೈಯಾರೆ ತಂದು ಹಾಕಿದವನು ನಾನು!

ಈಗ ಇಡೀ ಸರಕೇ ಅನುಮಾನಕ್ಕೊಳಗಾಯಿತು. ಗುಂಡಿ ಇತ್ತೆಂದರೆ ಇನ್ನೂ ಏನೇನಿದೆಯೋ! ಒಂದು ಕಣವನ್ನೂ ಬಿಡದೆ ನೋಡಬೇಕು. ಇಬ್ಬರೂ ತಟ್ಟೆಯ ಎರಡು ಬದಿಗೆ ಕೂತೆವು. ನೋಡುವುದು, ಉಜ್ಜುವುದು, ನಾಲಿಗೆಗೆ ಹಾಕುವುದು. ಮಗುವಿನ ಸುರಕ್ಷತೆಗಾಗಿ ಇಬ್ಬರು ದೊಡ್ಡ ಗಂಡಸರು ಇಷ್ಟು ಶ್ರದ್ಧೆಯಿಂದ ದುಡಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಮಾಸ್ಟ್ರು ಬೆನ್ನು ನೆಟ್ಟಗೆ ಮಾಡಿ ತೃಪ್ತಿಯಿಂದ ಘೋಷಿಸಿದರು.

"ಒಂದೂ ಮುಳ್ಳಿಲ್ಲ ಯಜಮಾನ್ರೇ. ಈಗ ಧೈರ್ಯವಾಗಿ ಕೊಡಬಹುದು."

ತಟ್ಟೆ ನೋಡಿದೆ. ಕೊಡಲು ಉಳಿದದ್ದು ಹೆಬ್ಬೆರಳಿನ ಉಗುರಿನಷ್ಟು.

ಬಾಗಿಲು ತೆರೆದ ಸದ್ದಾಯಿತು.

ಹೆಂಡತಿ ಹೇಳಿದ್ದಕ್ಕಿಂತ ಮೊದಲೇ ಬಂದಿದ್ದಳು. ಕಪಾಟು ಖಾಲಿ ಮಾಡಲು ಹೋದವಳ ಕೈಯಲ್ಲಿ ಗಂಟು ಮೂಟೆ ಏನೂ ಇರಲಿಲ್ಲ. ಹಳೆಯ ಕರವಸ್ತ್ರದಲ್ಲಿ ಸುತ್ತಿದ ಏನೋ ಸಣ್ಣದು ಮಾತ್ರ. ಬಾಗಿಲಲ್ಲೇ ನಿಂತಳು. ಮೊದಲು ವಾಸನೆ ಗ್ರಹಿಸಿದಳು. ಆಮೇಲೆ ಕುರ್ಚಿಯಲ್ಲಿದ್ದ ಮಗಳನ್ನು ನೋಡಿದಳು. ಆಮೇಲೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದ ನಮ್ಮಿಬ್ಬರ ತುಟಿಗಳನ್ನು ನೋಡಿದಳು. ಕೊನೆಗೆ ಮೇಜಿನ ಮೇಲಿದ್ದ ದಾರವನ್ನು ಕಂಡಳು. ಅದನ್ನೆತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಕರಿ ಗುಂಡಿ ನಾಳೆ ತಗೋತೀನಿ" ಎಂದು ಮಾಸ್ಟ್ರು ಮೆಟ್ಟಿಲಿಳಿದರು. ಅಷ್ಟು ವೇಗವಾಗಿ ಅವರು ಇಳಿದದ್ದನ್ನು ಹಿಂದೆಂದೂ ನೋಡಿರಲಿಲ್ಲ.

"ಇದು ಎಲ್ಲಿ ಸಿಕ್ತು?" ಎಂದಳು.

"ಫ್ರೀಜರಲ್ಲಿ. ಹಿಂದೆ ಇತ್ತು. ಹಳೇದು ಮೊದಲು ಖಾಲಿ ಮಾಡೋಣ ಅಂತ..."

"ಹಳೇದು" ಎಂದಳು.

"ನೀನೇ ಮಾರ್ಕೆಟ್ಟಿಂದ ತಂದು ಮರೆತಿದ್ದೆ ಅನ್ಕೊಂಡೆ."

"ಪುಟ್ಟಿಗೆ ಕೊಟ್ರಾ?"

"ಕೊಡೋಕೆ ಮುಂಚೆ ಪರೀಕ್ಷೆ ಮಾಡ್ಬೇಕಲ್ಲ! ಮುಳ್ಳು ಇದ್ರೆ?"

"ಸಿಕ್ತಾ?"

"ಅದೇ ಆಶ್ಚರ್ಯ ನೋಡು! ಒಂದೂ ಇಲ್ಲ! ಅದಕ್ಕೇ ಅನುಮಾನ ಬಂದು ಇನ್ನಷ್ಟು..."

"ಸಿಗಲ್ಲ" ಎಂದಳು. ದನಿ ಬಹಳ ಸಣ್ಣಗಿತ್ತು. "ಅಮ್ಮ ತೆಗೆದಿದ್ಲು. ಆವತ್ತು ಬೆಳಿಗ್ಗೆಯೆಲ್ಲ ಆ ಕಿಟಕಿ ಹತ್ರ ಕೂತು, ಬೆರಳಲ್ಲಿ ಸವರಿ ಸವರಿ, ಒಂದೊಂದೇ ಕಿತ್ತಿದ್ಲು. ಆಮೇಲೆ ಎರಡೂ ಹೋಳು ಜೋಡಿಸಿ ದಾರ ಸುತ್ತಿದ್ಲು. ನಾನು ಇವಳನ್ನ ಎತ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ಈಗ್ಲೇ ಯಾಕಮ್ಮ, ಇವಳಿಗಿನ್ನೂ ಕೂರಕ್ಕೇ ಬರಲ್ಲ ಅಂದೆ. ಒಳ್ಳೆ ಮೀನು ಸಿಕ್ತು, ಇಟ್ಟಿರು, ಇವಳು ಕೂರೋ ಹೊತ್ತಿಗೆ ನಾನೇ ಬಂದು ಬೇಯಿಸ್ತೀನಿ ಅಂದ್ಲು."

ಮೀನಿಗೆ ಅಂಗಿ. ಅತ್ತೆ ಕೈ ಚಾಚಿದ್ದು, ನಾನು ದಾರ ಕೊಟ್ಟದ್ದು, ಅಂಗಡಿಯಲ್ಲಿದ್ದವರೆಲ್ಲ ನಕ್ಕದ್ದು.

"ಮತ್ತೆ... ಮುಳ್ಳಿನ ಭಯ ಅಂದೆಯಲ್ಲ?"

"ಮುಳ್ಳಿನ ಭಯಾನಾ ಅಂತ ನೀವು ಕೇಳಿದ್ರಿ. ನಾನು ಹೂಂ ಅಂದೆ." ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಬೇಯಿಸಿದ್ರೆ ಮುಗಿದು ಹೋಗುತ್ತಲ್ಲ ರೀ."

ಕರವಸ್ತ್ರ ಬಿಚ್ಚಿ ಮೇಜಿನ ಮೇಲಿಟ್ಟಳು. ಒಳಗೊಂದು ಪುಟ್ಟ ಚಮಚ. ಹಿಡಿ ಸವೆದು ಒಂದು ಕಡೆಗೆ ವಾಲಿತ್ತು. "ನರ್ಸಮ್ಮ ಹೇಳಿದ್ಮೇಲೆ ಯೋಚನೆ ಮಾಡಿದೆ. ಇವಳಿಗೋಸ್ಕರ ಇಟ್ಟಿದ್ದು, ಇವಳನ್ನ ಹಸಿವಲ್ಲಿಟ್ಟು ನಾನು ಯಾಕೆ ಕಾಯ್ಕೊಂಡು ಕೂತಿದೀನಿ ಅನ್ನಿಸ್ತು. ಇವತ್ತು ಕೊಡೋಣ ಅಂತಾನೇ ಹೋಗಿದ್ದೆ. ಇದು ಅಮ್ಮ ನಮಗೆಲ್ಲ ತಿನ್ನಿಸ್ತಿದ್ದ ಚಮಚ."

ಗಿರಾಕಿ ಎಂಥವನೇ ಇರಲಿ, ನನಗೆ ಮಾತು ತಪ್ಪಿದ್ದಿಲ್ಲ. ಅಂದು ತಡಕಾಡಿ ಸಿಕ್ಕಿದ್ದು ಅಂಗಡಿಯ ಮಾತೇ.

"ಇನ್ನೊಂದು ತಂದುಕೊಡ್ತೀನಿ. ಇದಕ್ಕಿಂತ ದೊಡ್ಡದು."

"ತನ್ನಿ" ಎಂದಳು. "ಅದು ಬೇರೆ ಮೀನು."

ನಾನು ನೆಲ ನೋಡಿದೆ. ಅವಳು ಮೇಜು ನೋಡಿದಳು: ದೀಪ, ಭೂತಗನ್ನಡಿ, ಚಿಮಟ.

"ಇದೇನಿದು? ಗುಂಡಿ ಜರಡೀಲಿ ಮೀನು ಸೋಸಿದ್ರಾ?"

"ಕುದಿಸಿದ್ದೆ."

"ಈ ಗುಂಡಿ?"

"ಅದು... ಜರಡಿಯಲ್ಲಿತ್ತು."

"ಮಾಸ್ಟ್ರು ಎಷ್ಟು ತಿಂದ್ರು?"

"ತಿನ್ನಲಿಲ್ಲ. ಮಾದರಿ ನೋಡಿದ್ರು."

"ಮಾದರಿ!"

ಆ ಒಂದು ಮಾತಿನಲ್ಲಿ ಮಾತಿನ ಅಂಗಡಿಯ ಬಾಗಿಲು ತೆರೆಯಿತು. ಎಷ್ಟು ದಿನದ ದಾಸ್ತಾನು! ಒದ್ದೆ ಟವೆಲ್ಲು, ಅಡುಗೆಮನೆಗೆ ಬಂದ ಚಪ್ಪಲಿ, ಚೆನ್ನಾಗಿಲ್ಲವೆಂದ ಕಾಫಿ, ಹಿಂದಿರುವುದೇ ಮೊದಲು ಹೊರಗೆ ಬಂತು. "ಹೆತ್ತಮ್ಮ ಕೈಯಾರೆ ಮಾಡಿಟ್ಟ ಕೊನೇ ತುತ್ತನ್ನ ಆ ಕೋಟು ಹೊಲಿಯೋನಿಗೆ ಹಾಕಿದ್ರಲ್ಲ ರೀ! ಅವನ ಗಂಟಲ ಅಳತೆ ಎಷ್ಟು ಅಂತ ಕೇಳಿದ್ರಾ?" ಎದುರು ಮನೆಯ ಕಿಟಕಿ ತೆರೆದದ್ದು ಕೇಳಿಸಿತು. ಬೈಸಿಕೊಳ್ಳುತ್ತ ಇಷ್ಟು ಹಗುರಾದದ್ದು ನನಗೆ ನೆನಪಿಲ್ಲ. ಆದರೆ ಆ ಸುಖ ಬಹಳ ಹೊತ್ತು ದಕ್ಕಲಿಲ್ಲ. ಬೈಗುಳ ಅರ್ಧಕ್ಕೇ ಮುರಿಯಿತು. ಕುರ್ಚಿ ಎಳೆದುಕೊಂಡು ಕೂತು, ದಾರ ಸುತ್ತಿದ ಕೈಯನ್ನು ಬಾಯಿಗೊತ್ತಿಕೊಂಡು ಅತ್ತಳು. ಅಮ್ಮ ಹೋದ ದಿನ ಬಂದವರಿಗೆಲ್ಲ ನೀರು ಕೊಡುತ್ತಾ ಓಡಾಡಿದವಳು, ಈಗ ಅತ್ತಳು. ನಾನು ಪಕ್ಕದಲ್ಲಿ ನಿಂತಿದ್ದೆ. ಕೈ ತೊಳೆದಿರಲಿಲ್ಲ, ಮುಟ್ಟಲೂ ಆಗಲಿಲ್ಲ.

ಮಗಳು ಹಲಗೆ ಬಡಿದಳು. ಮತ್ತೆ ಬಡಿದಳು.

ಹೆಂಡತಿ ಕಣ್ಣೊರೆಸಿಕೊಂಡು ಎದ್ದು ಆ ಚಮಚ ತೊಳೆದಳು. ತಟ್ಟೆಯಲ್ಲಿದ್ದ ಉಗುರಿನಷ್ಟನ್ನು ತೆಗೆದುಕೊಂಡಳು. ಬೆರಳಲ್ಲಿ ಒತ್ತಿ ನೋಡಿದಳು. ಜರಡಿಯ ಕಡೆ ತಿರುಗಿಯೂ ನೋಡಲಿಲ್ಲ. ಮಗಳ ಮುಂದೆ ಕೂತು ಚಮಚದ ತುದಿಯನ್ನು ಅವಳ ತುಟಿಗೆ ತಾಗಿಸಿದಳು.

ಮಗಳು ಮುಖ ಕಿವುಚಿದಳು. ಯೋಚಿಸಿದಳು. ಅತ್ತೆ ಅಂದು ನನ್ನನ್ನು ನೋಡಿದಂತೆಯೇ ಮೂಗನ್ನು ಸಣ್ಣಗೆ ಅರಳಿಸಿದಳು. ನುಂಗಿದಳು. ಆಮೇಲೆ, ಆಲೂಗಡ್ಡೆ ಉಗಿದ, ಬಾಳೆಹಣ್ಣು ಒಲ್ಲೆನೆಂದ ಆ ಬಾಯಿ, ದೊಡ್ಡದಾಗಿ ತೆರೆದುಕೊಂಡಿತು. ಇನ್ನೂ ಬೇಕು!

ಇನ್ನಿರಲಿಲ್ಲ. ಹೆಂಡತಿ ಖಾಲಿ ಚಮಚವನ್ನು ಅವಳಿಗೆ ತೋರಿಸಿದಳು.

"ಮುಗೀತು ಪುಟ್ಟಿ" ಎಂದಳು. ಸ್ವಲ್ಪ ತಡೆದು ಮತ್ತೊಮ್ಮೆ, ತನಗೇ ಹೇಳಿಕೊಳ್ಳುವಂತೆ, "ಮುಗೀತು" ಎಂದಳು.

ತೆರೆದ ಬಾಯಿ ಬಹಳ ಹೊತ್ತು ಮುಚ್ಚಲಿಲ್ಲ. ಅಷ್ಟು ಸಣ್ಣ ಬಾಯಿಯನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ಅದೇ ಕಿಟಕಿ. ಆಗ ಬೆನ್ನ ಹಿಂದಿನಿಂದ ಹೆಂಡತಿಯ ದನಿ ಬಂತು. ಅಳು ಇನ್ನೂ ಆರಿರಲಿಲ್ಲ, ಆದರೆ ಹಳೆಯ ಹರಿತ ಸ್ವಲ್ಪ ಮರಳಿತ್ತು.

"ಅಮ್ಮ ಎಲ್ಲಾ ಮುಳ್ಳೂ ತೆಗೆದಿಟ್ಟು ಹೋಗಿದ್ಲು. ಒಂದು ಮಾತ್ರ ಉಳಿಸಿಬಿಟ್ಲು ನೋಡಿ."

"ಯಾವುದು?"

"ನೀವು."

ಈಗ ಮನೆಗೆ ಮೀನು ಬರುತ್ತದೆ. ಹೆಂಡತಿ ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ನೋಡುತ್ತಾಳೆ, ನಾನು ಚೀಲ ಹಿಡಿದು ಹಿಂದೆ ನಿಲ್ಲುತ್ತೇನೆ. ಮುಳ್ಳು ಬಿಡಿಸುವುದು ಅವಳೇ, ಕಿಟಕಿಯ ಬಳಿ ಕೂತು, ಮಾತಿಲ್ಲದೆ. ಮಗಳ ಹಿಡಿತಕ್ಕೆ ಬಿಗಿ ಬಂದಿದೆ. ಟವೆಲ್ಲಿಗೆ ಕೆಲವು ದಿನ ಬೈಗುಳ ಸಿಗುತ್ತದೆ, ಕೆಲವು ದಿನ ಸಿಗುವುದಿಲ್ಲ. ಫ್ರೀಜರಿನ ಹಿಂಬದಿಯ ಮೂಲೆಯಲ್ಲಿ ನಾವಿಬ್ಬರೂ ಏನನ್ನೂ ಇಡುವುದಿಲ್ಲ. ಮಾಸ್ಟ್ರು ಗುಂಡಿ ಬೇಕಾದರೆ ರಸ್ತೆಯಲ್ಲೇ ನಿಂತು ಕೂಗುತ್ತಾರೆ.

ನಮ್ಮತ್ತೆಯವರಿಗೆ ನಾನು ಕೊಡಬೇಕಾದ ಬಾಕಿ ಒಂದು ಮೀನು. ಮುಳ್ಳು ತೆಗೆದದ್ದು.